ಮೊಬೈಲ್ ಸ್ಟಾರ್ಟರ್ ಬಗ್ಗೆ ಬರೆದೆ, ಲೀಗಲ್ ನೋಟಿಸ್ ಬಂತು: ನಾನು ದಾಟಿ ಬಂದ ಐದು ತಿಂಗಳು

ಮೊನ್ನೆ ಭಾನುವಾರ ಗುಬ್ಬಿ ಹತ್ತಿರದ ನಮ್ಮ ಚಿಕ್ಕಪ್ಪನ ತೋಟಕ್ಕೆ ಕಂಪನಿಯ ಹುಡುಗ ಒಬ್ಬ ಬಂದು, ಮೊಬೈಲ್ ಸ್ಟಾರ್ಟರ್ ಒಳಗಿನ ಬೋರ್ಡ್ ಬದಲಾಯಿಸಿ ಹೋದ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗಾಗಿ ನಾನು ಈ ವರ್ಷ ಮಾರ್ಚ್‌ನಿಂದ ಓಡಾಡಿದ್ದೇನೆ. ನಿದ್ದೆ ಬಿಟ್ಟಿದ್ದೇನೆ, ಕೋರ್ಟ್ ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತಿದ್ದೇನೆ, ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರು ಕೂತು ಅತ್ತಿದ್ದೇನೆ. ಕನ್ನಡದಲ್ಲಿ ಟೆಕ್ ವಿಷಯ ಬರೆಯುವವರು, ವಿಡಿಯೊ ಮಾಡುವವರು ಈಗ ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ನಾಳೆ ಇದೇ ಪಾಡು ಬಂದರೆ ನನ್ನ ಹಾಗೆ ಕತ್ತಲಲ್ಲಿ ತಡಕಾಡಬಾರದು. ಅದಕ್ಕೇ ಎಲ್ಲ ಬರೆದಿಡುತ್ತಿದ್ದೇನೆ.

ನಾನು ತುಮಕೂರಿನಲ್ಲಿ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಬಿಡುವಿನಲ್ಲಿ ರೈತರು ಕೊಳ್ಳುವ ಸಾಮಾನುಗಳ ಬಗ್ಗೆ ಬ್ಲಾಗ್ ಬರೆಯುತ್ತೇನೆ, ಜೊತೆಗೆ ಯೂಟ್ಯೂಬ್ ಚಾನೆಲ್ಲೂ ಇದೆ. ಸೋಲಾರ್ ಬೇಲಿ, ಡ್ರಿಪ್ ಟೈಮರ್, ಮೊಬೈಲ್ ಸ್ಟಾರ್ಟರ್, ಇಂಥವು. ಮೊಬೈಲ್ ಸ್ಟಾರ್ಟರ್ ಗೊತ್ತಿಲ್ಲದವರಿಗೆ: ತೋಟದ ಪ್ಯಾನಲ್ ಬೋರ್ಡಿಗೆ ಸಿಮ್ ಹಾಕಿದ ಒಂದು ಡಬ್ಬಿ ಕೂರಿಸುತ್ತಾರೆ. ಮನೆಯಿಂದಲೇ ಮೆಸೇಜ್ ಕಳಿಸಿದರೆ ಮೋಟರು ಆನ್, ಇನ್ನೊಂದು ಕಳಿಸಿದರೆ ಆಫ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಕೊಟ್ಟಾಗ, ಹಾವು ಚೇಳಿನ ಭಯದಲ್ಲಿ ಟಾರ್ಚ್ ಹಿಡಿದು ಹೋಗುವ ಕಷ್ಟ ತಪ್ಪುತ್ತದೆ. ಒಳ್ಳೆಯ ಸಾಮಾನೇ. ನಾನು ಅದರ ವಿರೋಧಿ ಅಲ್ಲ.

ಚಿಕ್ಕಪ್ಪ ಸಂಕ್ರಾಂತಿ ಆದಮೇಲೆ 5,800 ರೂಪಾಯಿ ಕೊಟ್ಟು ಒಂದು ಹಾಕಿಸಿದರು. ಫೆಬ್ರವರಿಯಲ್ಲಿ ಒಂದು ರಾತ್ರಿ ಅದು ತಾನಾಗಿಯೇ ಆನ್ ಆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಅಡಿಕೆ ಸಾಲಿನಲ್ಲಿ ಪಾದ ಮುಳುಗುವಷ್ಟು ನೀರು. ಪುಣ್ಯಕ್ಕೆ ಬೋರಿನಲ್ಲಿ ನೀರಿತ್ತು, ಮೋಟರು ಸುಡಲಿಲ್ಲ. ನಾನು ಆ ಡಬ್ಬಿಯ ಸಿಮ್ ತೆಗೆದು ಮನೆಯಲ್ಲಿದ್ದ ಹಳೇ ಕೀಪ್ಯಾಡ್ ಫೋನಿಗೆ ಹಾಕಿದೆ. ಸಿಮ್ಮಿನಲ್ಲೇ ಮೂರು ಮೆಸೇಜ್ ಉಳಿದಿದ್ದವು. ಮೂರೂ ಒಂದೇ ನಂಬರಿನಿಂದ, ರಾತ್ರಿ 11 ಗಂಟೆಯ ಆಸುಪಾಸಿನಲ್ಲಿ ಬಂದದ್ದು. ಆ ನಂಬರಿಗೆ ಫೋನ್ ಮಾಡಿದರೆ ನಿಟ್ಟೂರು ಕಡೆಯ ಒಬ್ಬ ರೈತರು ಎತ್ತಿದರು.

"ಹೂಂ ಕಣಮ್ಮ, ನಮ್ ಮೋಟ್ರು ಆನ್ ಆಗ್ಲಿಲ್ಲ ಅಂತ ಮೂರು ಸಲ ಕಳಿಸ್ದೆ. ಯಾಕೆ, ನಿಮ್ಗೆ ಬಂತಾ?" ಅಂದರು.

ವಿಷಯ ಇಷ್ಟೇ. ಅಂಗಡಿಯವರು ಸಿಮ್‌ಗಳನ್ನು ಒಟ್ಟಿಗೆ ತಂದಿದ್ದರು, ನಂಬರುಗಳು ಒಂದರ ಪಕ್ಕ ಒಂದು. ಆ ರೈತರು ಕೊನೆಯ ಅಂಕಿ ತಪ್ಪು ಒತ್ತಿದ್ದಾರೆ. ಮೆಸೇಜಿನಲ್ಲಿ ಸೇರಿಸಬೇಕಾದ ಪಾಸ್‌ವರ್ಡ್ ಇದೆಯಲ್ಲ, ಎಲ್ಲ ಡಬ್ಬಿಗೂ ಫ್ಯಾಕ್ಟರಿಯಲ್ಲಿ ಅದನ್ನು ಒಂದೇ ಹಾಕಿ ಕಳಿಸಿದ್ದಾರೆ. ಬದಲಾಯಿಸಿ ಅಂತ ಕೈಪಿಡಿಯಲ್ಲಿ ಎಲ್ಲೂ ಹೇಳಿಲ್ಲ. ಮೆಸೇಜ್ ಯಾವ ನಂಬರಿನಿಂದ ಬಂತು ಅಂತ ಡಬ್ಬಿ ನೋಡುವುದೂ ಇಲ್ಲ. ನನಗೆ ಮೈ ನಡುಗಿದ್ದು ನೀರು ಪೋಲಾಯಿತು ಅಂತ ಅಲ್ಲ. ಹಿಂದಿನ ವಾರವಷ್ಟೇ ಚಿಕ್ಕಪ್ಪ ಮೇನ್ ಇಳಿಸದೆ, ಸ್ಟಾರ್ಟರ್ ಆಫ್ ಇದೆ ಅನ್ನೋ ಧೈರ್ಯದಲ್ಲಿ ಕೇಬಲ್ ಜಾಯಿಂಟ್ ಬಿಚ್ಚಿ ಕೂತಿದ್ದರು. ಆಗ ಆ ಮೆಸೇಜ್ ಬಂದಿದ್ದರೆ?

ಎರಡು ಭಾನುವಾರ ಕೂತು ಪರೀಕ್ಷೆ ಮಾಡಿದೆ. ಬೇರೆ ಬೇರೆ ನಾಲ್ಕು ಫೋನಿನಿಂದ ಕಳಿಸಿದೆ, ನಾಲ್ಕಕ್ಕೂ ಆನ್ ಆಯಿತು. ಕಂಪನಿಯ ಕಸ್ಟಮರ್ ಕೇರಿಗೆ ಮೂರು ಮೇಲ್ ಹಾಕಿದೆ. ಒಂದು ಟಿಕೆಟ್ ನಂಬರ್ ಬಂತು, ಅಷ್ಟೇ. ಮಾರ್ಚ್ 2ರಂದು ಬರಹವನ್ನೂ ವಿಡಿಯೊವನ್ನೂ ಹಾಕಿದೆ. ಆ ಪಾಸ್‌ವರ್ಡ್ ಏನು ಅಂತ ಎಲ್ಲೂ ಹೇಳಲಿಲ್ಲ.

ಇಲ್ಲಿ ಒಂದು ಮಾತು. ಇಂಥ ದೋಷ ಸಿಕ್ಕಾಗ ಕಂಪನಿ ಉತ್ತರ ಕೊಡದಿದ್ದರೆ, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ಬರೆಯಬಹುದು. ಸೈಬರ್ ಭದ್ರತೆಯ ದೋಷಗಳ ವರದಿ ತೆಗೆದುಕೊಂಡು, ತಯಾರಕರ ಜೊತೆ ಮಾತಾಡುವುದು ಅವರ ಕೆಲಸಗಳಲ್ಲಿ ಒಂದು. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮೊದಲು ಅಲ್ಲಿಗೆ ಬರೆದು, ಸ್ವಲ್ಪ ದಿನ ಕಾದು, ಆಮೇಲೆ ಹಾಕುತ್ತಿದ್ದೆ.

ಮಾರ್ಚ್ 4ರ ರಾತ್ರಿ ಜಗಳ ಶುರುವಾಯಿತು. ಅದೇ ಕಂಪನಿಯ ಒಬ್ಬ ಸೀನಿಯರ್ ಎಂಜಿನಿಯರ್ ತಮ್ಮ ಸ್ವಂತ ಖಾತೆಯಲ್ಲಿ ನನ್ನ ಫೋಟೊ ಹಾಕಿ, ಎದುರಾಳಿ ಕಂಪನಿಯಿಂದ ದುಡ್ಡು ತಿಂದು ಬರೆದಿದ್ದಾಳೆ ಅಂತ ಪೋಸ್ಟ್ ಮಾಡಿದರು. ಪ್ರೊಫೈಲಿನಲ್ಲಿ ಕಂಪನಿಯ ಹೆಸರು, ಹುದ್ದೆ ಎಲ್ಲ ಇತ್ತು. ಪಾಸ್‌ವರ್ಡ್ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆ ರಾತ್ರಿ ಎರಡು ಗಂಟೆಯವರೆಗೆ ಹನ್ನೊಂದು ಉತ್ತರ ಬರೆದೆ. ಅವರು ಒಂದು ಅಂದರೆ ನಾನು ಎರಡು. ಅವರ ಸಹೋದ್ಯೋಗಿಗಳು ಅವರ ಕಡೆ, ನನ್ನ ಓದುಗರು ನನ್ನ ಕಡೆ. ಆರು ದಿನ ಇದೇ ಆಯಿತು. ಆ ಹನ್ನೊಂದರಲ್ಲಿ ಒಂದು ಕಡೆ ನಾನು "ನಿಮ್ಮದು ಕಳ್ಳರ ಕಂಪನಿ" ಅಂತ ಬರೆದುಬಿಟ್ಟೆ. ಈ ಮೂರು ಪದ ನೆನಪಿಟ್ಟುಕೊಳ್ಳಿ.

ಆರನೇ ದಿನ ಯಾರೋ ನಾನು ಪಾಠ ಮಾಡುವ ಕಾಲೇಜಿನ ಹೆಸರು ಹುಡುಕಿ ಹಾಕಿದರು. ಮಾರನೇ ದಿನ ಕಾಲೇಜಿಗೆ ನಾಲ್ಕು ಫೋನ್. ಪ್ರಿನ್ಸಿಪಾಲರು ಕರೆಸಿ ಬಾಗಿಲು ಹಾಕಿಕೊಂಡು ಕೇಳಿದರು. "ನೋಡಮ್ಮ, ನೀನು ಬರೆದಿದ್ದು ತಪ್ಪು ಅಂತ ನಾನು ಅಂತಿಲ್ಲ. ಆದ್ರೆ ಕಾಲೇಜಿನ ಹೆಸರು ಯಾಕೆ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಟಲು ಕಟ್ಟಿ ಅಳು ಬಂತು. ಅವರು ನೀರಿನ ಲೋಟ ಮುಂದೆ ತಳ್ಳಿ, ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ, ಕೆಲಸದ ಬಗ್ಗೆ ಯೋಚನೆ ಮಾಡಬೇಡ, ಆದರೆ ಎಲ್ಲವನ್ನೂ ಬರವಣಿಗೆಯಲ್ಲಿ ನನಗೊಂದು ಪತ್ರ ಕೊಡು ಅಂದರು. ಆ ಪತ್ರ ಮುಂದೆ ವಕೀಲರಿಗೂ ಉಪಯೋಗಕ್ಕೆ ಬಂತು. ತಾರೀಖಿನ ಪ್ರಕಾರ ನಡೆದದ್ದೆಲ್ಲ ಅದರಲ್ಲಿತ್ತು.

ಅದೇ ಹೊತ್ತಿಗೆ ಒಂದು ಗುರುತಿಲ್ಲದ ನಂಬರಿನಿಂದ "ನಿನ್ನ ಮನೆ ಎಲ್ಲಿದೆ ಅಂತ ಗೊತ್ತು" ಅನ್ನೋ ಮೆಸೇಜ್ ಬಂತು. ಆ ರಾತ್ರಿ ನಿದ್ದೆ ಬರದೆ ಇಂಥದ್ದೇ ಬೇರೆ ಪ್ರಕರಣ ಏನಾದರೂ ಇದೆಯಾ ಅಂತ ಹುಡುಕುತ್ತಿದ್ದಾಗ ಅಮೆರಿಕದ ಒಂದು ಕತೆ ಸಿಕ್ಕಿತು. ಮ್ಯಾಸಚೂಸೆಟ್ಸ್‌ನ ನ್ಯಾಟಿಕ್ ಎಂಬ ಊರಿನಲ್ಲಿ ಒಬ್ಬ ಗಂಡ ಹೆಂಡತಿ, ಆನ್‌ಲೈನ್ ವ್ಯಾಪಾರದ ಬಗ್ಗೆ ಸುದ್ದಿಪತ್ರ ನಡೆಸುತ್ತಿದ್ದರು. 2019ರಲ್ಲಿ ಆನ್‌ಲೈನ್ ಮಾರಾಟದ ಇಬೇ ಕಂಪನಿಯ ನೌಕರರು ಅವರ ಮನೆಗೆ ಜೀವಂತ ಜಿರಳೆ, ಜೇಡ, ರಕ್ತಸಿಕ್ತ ಹಂದಿಯ ಮುಖವಾಡ, ಸಾವಿನ ಹೂವಿನ ಹಾರ ಕಳಿಸಿದ್ದರು. ಏಳು ಜನ ಮಾಜಿ ನೌಕರರು ತಪ್ಪೊಪ್ಪಿಕೊಂಡರು, ಕಂಪನಿ 2024ರ ಜನವರಿಯಲ್ಲಿ 30 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಓದಿ ಮೊದಲು ಭಯ ಜಾಸ್ತಿಯಾಯಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಆ ದಂಪತಿ ಬಂದದ್ದನ್ನೆಲ್ಲ ಇಟ್ಟುಕೊಂಡು ಪೊಲೀಸರಿಗೆ ಹೇಳಿದ್ದರು. ನಾನು ಇಲ್ಲಿಯವರೆಗೆ ಏನನ್ನೂ ಸರಿಯಾಗಿ ಇಟ್ಟುಕೊಂಡಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಸ್ಕ್ರೀನ್‌ಶಾಟ್ ತೆಗೆಯಲು ಕೂತೆ. ಎಂಜಿನಿಯರ್ ಹಾಕಿದ ಮೊದಲ ಎರಡು ಪೋಸ್ಟ್ ಅಷ್ಟರಲ್ಲಿ ಮಾಯವಾಗಿದ್ದವು. ನನ್ನ ಹತ್ತಿರ ಇದ್ದದ್ದು ಅರ್ಧ ಕತ್ತರಿಸಿದ ಚಿತ್ರ, ತಾರೀಖೂ ಇಲ್ಲ, ಲಿಂಕೂ ಇಲ್ಲ. ಯಾರಾದರೂ ನಿಮ್ಮ ಮೇಲೆ ಬಿದ್ದ ಕ್ಷಣ ಉತ್ತರ ಬರೆಯಬೇಡಿ, ಮೊದಲು ಇದನ್ನು ಮಾಡಿ: ಕಂಪ್ಯೂಟರಿನಲ್ಲಿ ತೆರೆದು, ಮೇಲಿನ ವಿಳಾಸ ಕಾಣುವ ಹಾಗೆ ಇಡೀ ಪುಟ ತೆಗೆಯಿರಿ. ಪ್ರೊಫೈಲ್ ಪುಟವನ್ನೂ ತೆಗೆಯಿರಿ, ಯಾಕೆಂದರೆ ಕಂಪನಿಯ ಹೆಸರು ಆಮೇಲೆ ಅಳಿಸಿಹೋಗುತ್ತದೆ. ಸ್ಕ್ರೀನ್ ರೆಕಾರ್ಡ್ ಮಾಡುತ್ತಾ ಕೆಳಗಿನವರೆಗೆ ಸರಿಸಿ. ಫೈಲುಗಳಿಗೆ ಹೆಸರು ಬದಲಾಯಿಸದೆ, ವಾಟ್ಸಾಪಿನಲ್ಲಿ ಕಳಿಸಿ ಕುಗ್ಗಿಸದೆ, ಹಾಗೇ ಪೆನ್‌ಡ್ರೈವಿಗೆ ಹಾಕಿ. ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇವುಗಳ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಪ್ರತಿ ಫೈಲಿನ ಹ್ಯಾಷ್ ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ಬರೆಯಬೇಕು. ಮೊದಲೆಲ್ಲ 65ಬಿ ಸರ್ಟಿಫಿಕೇಟ್ ಅಂತಿದ್ದರಲ್ಲ, ಅದರ ಜಾಗದಲ್ಲಿ ಬಂದದ್ದು ಇದು.

ಬೆದರಿಕೆ ಮೆಸೇಜ್ ವಿಷಯಕ್ಕೆ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರು ಹಾಕಿ, ಪ್ರಿಂಟ್ ಹಿಡಿದು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದೆ. 1930 ಸಹಾಯವಾಣಿ ಮುಖ್ಯವಾಗಿ ಆನ್‌ಲೈನಿನಲ್ಲಿ ದುಡ್ಡು ಕಳೆದುಕೊಂಡವರಿಗೆ, ಇಂಥದ್ದಕ್ಕೆ ಪೋರ್ಟಲ್ಲೇ ಸರಿ. ಅಲ್ಲಿದ್ದ ಅಧಿಕಾರಿ ಸಮಾಧಾನವಾಗಿ ಕೇಳಿಸಿಕೊಂಡರು. ಮಾನಹಾನಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವ ಅಪರಾಧ ಅಲ್ಲ, ಅದಕ್ಕೆ ಕೋರ್ಟಿನಲ್ಲೇ ಖಾಸಗಿ ದೂರು ಕೊಡಬೇಕು, ಬೆದರಿಕೆಯ ವಿಷಯ ಮಾತ್ರ ನಾವು ನೋಡುತ್ತೇವೆ ಅಂದರು. ಬೆದರಿಸಿದ ನಂಬರಿಗೆ ಠಾಣೆಯಿಂದ ಫೋನ್ ಹೋಯಿತು. ಆಮೇಲೆ ಅವನಿಂದ ಏನೂ ಬರಲಿಲ್ಲ. ದೂರಿನ ಸ್ವೀಕೃತಿ ಕೇಳಿ ಪಡೆದುಕೊಳ್ಳಿ, ಬಿಡಬೇಡಿ.

ಮಾರ್ಚ್ 12ಕ್ಕೆ ಯೂಟ್ಯೂಬಿನಿಂದ ಕಾಪಿರೈಟ್ ಸ್ಟ್ರೈಕ್, ಅಂದರೆ ಬೇರೆಯವರ ವಿಡಿಯೊ ಬಳಸಿದ್ದೀರಿ ಅನ್ನೋ ಎಚ್ಚರಿಕೆ. ವಿಡಿಯೊದಲ್ಲಿ ಕಂಪನಿಯ ಜಾಹೀರಾತಿನ 20 ಸೆಕೆಂಡಿನ ತುಣುಕು ತೋರಿಸಿ, ಅವರು ಹೀಗೆ ಹೇಳುತ್ತಾರೆ, ನಿಜ ಹೀಗಿದೆ ಅಂದಿದ್ದೆ. ಅದನ್ನೇ ಹಿಡಿದು ಇಡೀ ವಿಡಿಯೊ ಇಳಿಸಿದರು. 90 ದಿನದಲ್ಲಿ ಇಂಥ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ಐದು ವರ್ಷದ ಕೆಲಸ ಕಣ್ಣ ಮುಂದೆ ಬಂತು.

ಮಾರ್ಚ್ 17, ಸೋಮವಾರ. ಸ್ಪೀಡ್ ಪೋಸ್ಟಿನಲ್ಲಿ ಲೀಗಲ್ ನೋಟಿಸ್. ಏಳು ಪುಟ. 25 ಲಕ್ಷ ಪರಿಹಾರ, ಬೇಷರತ್ ಕ್ಷಮಾಪಣೆ, ಎಲ್ಲವನ್ನೂ ಅಳಿಸಬೇಕು, 15 ದಿನ ಗಡುವು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿ. ಅದರ ಜೊತೆ ಐಟಿ ಕಾಯ್ದೆಯ 66ನೇ ಸೆಕ್ಷನ್, ಅಂದರೆ ಅನುಮತಿಯಿಲ್ಲದೆ ಉಪಕರಣದೊಳಗೆ ನುಗ್ಗಿದ್ದೇನೆ ಅಂತ. ಅದಕ್ಕೆ ಮೂರು ವರ್ಷದವರೆಗೆ ಜೈಲು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿ, ಮಡಿಸಿ, ದೇವರ ಮುಂದೆ ಇಟ್ಟು ಬಂದರು. ಏನೂ ಹೇಳಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನೋಟಿಸ್ ಬಂದ ಮಾತ್ರಕ್ಕೆ ಕೇಸ್ ಬಿದ್ದಿದೆ ಅಂತ ಅಲ್ಲ. ಅದು ವಕೀಲರು ಬರೆದ ಪತ್ರ, ಕೋರ್ಟಿನ ಸಮನ್ಸ್ ಅಲ್ಲ. ಇದು ನನಗೆ ಅರ್ಥವಾಗಲು ಮೂರು ದಿನ ಬೇಕಾಯಿತು. ಹಾಗಂತ ಸುಮ್ನೆ ಇಟ್ಟುಬಿಡುವುದೂ ಸರಿಯಲ್ಲ. ಕವರನ್ನೂ ಎಸೆಯಬೇಡಿ, ಯಾವತ್ತು ಕೈಗೆ ಬಂತು ಅನ್ನುವುದಕ್ಕೆ ಅದೇ ಗುರುತು.

ಮೊದಲು ಹೋದ ವಕೀಲರು ಬರೀ ಉತ್ತರ ಬರೆಯಲು 15,000 ಕೇಳಿದರು. ಸಹೋದ್ಯೋಗಿ ಒಬ್ಬರು, "ನೀವು ಹೆಂಗಸರಲ್ವಾ ಮೇಡಂ, ಕಾನೂನು ಸೇವಾ ಪ್ರಾಧಿಕಾರಕ್ಕೆ ಯಾಕೆ ಹೋಗಬಾರದು?" ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ನೋಡದೆ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ವರಮಾನದ ಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಸಂಬಳ ಬರುವವಳು ನಾನು, ಇದು ನನಗಲ್ಲ ಅಂದುಕೊಂಡಿದ್ದೆ. ಒಂದು ಅರ್ಜಿ, ಆಧಾರ್ ಜೆರಾಕ್ಸ್, ನೋಟಿಸಿನ ಪ್ರತಿ. ನಾಲ್ಕು ದಿನದಲ್ಲಿ ಒಬ್ಬ ವಕೀಲೆಯನ್ನು ಕೊಟ್ಟರು.

ಮೇಡಂ ನೋಟಿಸ್ ಓದುತ್ತಾ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಹೋದರು. ಒಟ್ಟು ಹದಿನಾಲ್ಕು ಆರೋಪ. "ಪರೀಕ್ಷೆ ಮಾಡಿ ಬರೆದಿದ್ದೀಯ, ಇದು ಹೋಯಿತು. ಇದೂ ಹೋಯಿತು." ನಿಜವಾದದ್ದನ್ನು ಸಾರ್ವಜನಿಕರ ಒಳಿತಿಗಾಗಿ ಹೇಳಿದರೆ 356ರಲ್ಲೇ ವಿನಾಯಿತಿ ಇದೆ, ಒಳ್ಳೆಯ ಉದ್ದೇಶದಿಂದ ಕೊಟ್ಟ ಎಚ್ಚರಿಕೆಗೂ ಇದೆ ಅಂತ ವಿವರಿಸಿದರು. ವಿಚಾರಣೆಗೆ ಮೊದಲೇ ಬರಹ ತೆಗೆಸುವ ತಡೆಯಾಜ್ಞೆ ಸುಲಭವಾಗಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಸುದ್ದಿ ಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಟಿವಿ ಕಂಪನಿ ಜೀ ನಡುವಿನ ಪ್ರಕರಣದಲ್ಲಿ ಹೇಳಿದೆ ಅಂದರು. ನಾನು ಉಸಿರು ಬಿಡುತ್ತಿದ್ದೆ. ಆಗ ಅವರ ಪೆನ್ಸಿಲ್ ಹನ್ನೊಂದನೇ ಆರೋಪದ ಮೇಲೆ ನಿಂತಿತು.

"ಈ 'ಕಳ್ಳರ ಕಂಪನಿ' ಅಂದಿದ್ದಕ್ಕೆ ಏನು ಸಾಕ್ಷಿ ಇದೆ?"

ಇರಲಿಲ್ಲ. ಅವರು ಏನನ್ನೂ ಕದ್ದಿರಲಿಲ್ಲ. ಬೇಜವಾಬ್ದಾರಿಯಿಂದ ಸಾಮಾನು ಮಾಡಿದ್ದರು, ಅದು ಬೇರೆ. ಎರಡು ಭಾನುವಾರದ ಪರೀಕ್ಷೆ, ನಾಲ್ಕು ಫೋನು, ಮೂರು ಮೇಲು ನನ್ನ ಕಡೆ ಗಟ್ಟಿಯಾಗಿ ನಿಂತಿದ್ದವು. ಒಂದು ರಾತ್ರಿಯ ಸಿಟ್ಟಿನ ಮೂರು ಪದ ಮಾತ್ರ ನನ್ನ ವಿರುದ್ಧ ಇದ್ದವು. ಅದನ್ನು ಅಳಿಸಿಬಿಡಲಾ ಅಂದೆ. ಬೇಡ, ಮೊದಲು ಪ್ರತಿ ಇಟ್ಟುಕೋ, ಉತ್ತರದಲ್ಲೇ ಆ ಮಾತನ್ನು ಹಿಂತೆಗೆದುಕೊಂಡಿದ್ದೇವೆ ಅಂತ ಬರೆದು, ಆಮೇಲೆ ತೆಗೆದು ಅಲ್ಲೇ ಒಂದು ಸ್ಪಷ್ಟನೆ ಹಾಕು ಅಂದರು.

ಇನ್ನೊಂದು ಎಡವಟ್ಟು ಐಟಿ ಕಾಯ್ದೆಯದು. ಡಬ್ಬಿ ನನ್ನದಲ್ಲ, ಬಿಲ್ ಚಿಕ್ಕಪ್ಪನ ಹೆಸರಿನಲ್ಲಿದೆ. ಅವರ ಒಪ್ಪಿಗೆಯ ಮೇಲೆ ಪರೀಕ್ಷೆ ಮಾಡಿದ್ದು ಅಂತ ಅಫಿಡವಿಟ್ ಬೇಕು. ಬಿಲ್ ಹುಡುಕಿದರೆ ಸಿಗಲಿಲ್ಲ. ಕೊನೆಗೆ ಚಿಕ್ಕಮ್ಮ ಗೊಬ್ಬರದ ರಸೀತಿಗಳ ಕಟ್ಟಿನಲ್ಲಿ ತೆಗೆದುಕೊಟ್ಟರು, ಒಂದು ಮೂಲೆ ಇಲಿ ತಿಂದಿತ್ತು, ನಂಬರು ಮಾತ್ರ ಉಳಿದಿತ್ತು. ಚಿಕ್ಕಪ್ಪ ಎರಡು ಸಲ ಬಸ್ಸಿನಲ್ಲಿ ತುಮಕೂರಿಗೆ ಬಂದರು. ಮೊದಲ ಸಲ ಆಧಾರ್ ಮರೆತು ಬಂದಿದ್ದರು. ಇ-ಸ್ಟಾಂಪ್, ಟೈಪಿಂಗ್, ನೋಟರಿ ಸೇರಿ 450 ರೂಪಾಯಿ. ಬೇರೆಯವರ ಸಾಮಾನು ಪರೀಕ್ಷೆ ಮಾಡುವವರು ಮೊದಲೇ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ನಾನು ಈಗ ಅದಿಲ್ಲದೆ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ.

ಗಡುವು ಏಪ್ರಿಲ್ 1. ಲೆಕ್ಕ ಹಾಕಿದರೆ ಮಾರ್ಚ್ 30 ಭಾನುವಾರ ಯುಗಾದಿ, 31 ರಂಜಾನ್ ರಜೆ. ಹಾಗಾಗಿ 28ರ ಶುಕ್ರವಾರವೇ ಉತ್ತರ ಕಳಿಸಿದೆವು. ಆ ಯುಗಾದಿಗೆ ಅಮ್ಮ ಮಾಡಿದ ಹೋಳಿಗೆ ನನಗೆ ರುಚಿಸಲೇ ಇಲ್ಲ.

ಯೂಟ್ಯೂಬಿಗೆ ಪ್ರತಿ-ನೋಟಿಸ್, ಅಂದರೆ ಆ ಸ್ಟ್ರೈಕಿಗೆ ಆಕ್ಷೇಪಣೆ, ಹಾಕಿದ್ದು ಏಪ್ರಿಲ್ 3ಕ್ಕೆ. ವಿಮರ್ಶೆಗಾಗಿ ಸ್ವಲ್ಪ ಭಾಗ ಬಳಸುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಒಂದು ವಿಷಯ ಗೊತ್ತಿರಲಿ: ಪ್ರತಿ-ನೋಟಿಸಿನಲ್ಲಿ ನೀವು ಬರೆಯುವ ನಿಜ ಹೆಸರು, ವಿಳಾಸ ಎದುರು ಪಾರ್ಟಿಗೆ ಹೋಗುತ್ತದೆ. ಮನೆ ಗೊತ್ತು ಅಂತ ಬೆದರಿಸಿದ ಮೇಲೆ ವಿಳಾಸ ಕೊಡಲು ನನಗೆ ಧೈರ್ಯ ಬರಲಿಲ್ಲ. ನಿಮ್ಮ ಪರವಾಗಿ ವಕೀಲರೂ ಸಲ್ಲಿಸಬಹುದು. ಮೇಡಂ ತಮ್ಮ ಕಚೇರಿಯ ವಿಳಾಸದಲ್ಲೇ ಹಾಕಿದರು. ಆಮೇಲೆ ಕೋರ್ಟಿಗೆ ಹೋಗಿದ್ದೇವೆ ಅಂತ ತೋರಿಸಲು ಕಂಪನಿಗೆ 10 ಕೆಲಸದ ದಿನ ಸಿಗುತ್ತದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಮೇಲ್ ನೋಡುತ್ತಿದ್ದೆ. ಅವರು ಹೋಗಲಿಲ್ಲ. ಏಪ್ರಿಲ್ 22ಕ್ಕೆ ವಿಡಿಯೊ ವಾಪಸ್ ಬಂತು.

ನನ್ನ ಫೋಟೊ, ಕಾಲೇಜಿನ ಹೆಸರು ಇದ್ದ ಪೋಸ್ಟುಗಳ ಬಗ್ಗೆ ಆ ಜಾಲತಾಣದ ದೂರು ಅಧಿಕಾರಿಗೆ ಬರೆದೆ. 2021ರ ಐಟಿ ನಿಯಮಗಳ ಪ್ರಕಾರ ಆಗ, 2025ರಲ್ಲಿ, 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಕೊಡಬೇಕಿತ್ತು. ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರದ ದೂರು ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ನಾನು ಮೇಲ್ಮನವಿ ಹಾಕಿದ ವಾರದಲ್ಲೇ ಎಂಜಿನಿಯರ್ ತಾವಾಗಿಯೇ ಎಲ್ಲ ಅಳಿಸಿದರು.

ಮೇ ತಿಂಗಳಲ್ಲಿ ಕಂಪನಿಯ ಇನ್ನೊಬ್ಬರು, ವಯಸ್ಸಾದವರು, ಮೇಡಂ ಕಚೇರಿಗೆ ಫೋನ್ ಮಾಡಿದರು. ದೋಷ ಇರುವುದು ನಿಜ, ಸರಿಮಾಡಿದ ಬೋರ್ಡ್ ತಯಾರಾಗುತ್ತಿದೆ, ನಿಮ್ಮ ಮೇಲ್‌ಗಳು ನಮ್ಮ ಟೇಬಲ್ಲಿಗೆ ಬಂದೇ ಇರಲಿಲ್ಲ ಅಂದರು. ಆ ಮಾತಿನಲ್ಲಿ ನನಗೆ ನಂಬಿಕೆ ಬಂತು. ಜಗಳ ಆಡಿದ ಎಂಜಿನಿಯರಿಗೂ ಆ ಮೇಲ್ ವಿಷಯ ಗೊತ್ತಿರಲಿಲ್ಲವೇನೋ. ಗೊತ್ತಿದ್ದಿದ್ದರೆ ಹಾಗೆ ಬರೆಯುತ್ತಿದ್ದರಾ? ಆ ಆರು ದಿನದಲ್ಲಿ ಮೇಲ್‌ಗಳ ಪ್ರತಿ ಅವರ ಮುಂದೆ ಇಡಬೇಕು ಅಂತ ನನಗೂ ಹೊಳೆಯಲಿಲ್ಲ.

ಒಟ್ಟು ಖರ್ಚು ಸುಮಾರು 3,900 ರೂಪಾಯಿ. ನೋಟರಿ, ಪ್ರಿಂಟು, ಜೆರಾಕ್ಸು, ಪೋಸ್ಟು, ಪೆನ್‌ಡ್ರೈವು, ಬಸ್ಸು ಎಲ್ಲ ಸೇರಿ. ರಜೆ ಹಾಕಿದ್ದು ಒಂಬತ್ತು ದಿನ.

ನೋಟಿಸನ್ನು ವಾಪಸ್ ತೆಗೆದುಕೊಂಡಿದ್ದೇವೆ ಅಂತ ಕಂಪನಿ ಇವತ್ತಿಗೂ ಬರೆದುಕೊಟ್ಟಿಲ್ಲ. ಮಾನಹಾನಿಗೆ ಸಿವಿಲ್ ದಾವೆ ಹೂಡಲು ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ ಕಾಲಮಿತಿ ಇದೆ, ಅಲ್ಲಿಯವರೆಗೆ ಫೈಲ್ ಜೋಪಾನ ಅಂದಿದ್ದಾರೆ ಮೇಡಂ. ನೀಲಿ ಬಾಕ್ಸ್ ಫೈಲ್ ಅಪ್ಪನ ಬೀರುವಿನಲ್ಲಿ ಜಮೀನಿನ ಪತ್ರಗಳ ಪಕ್ಕ ಇದೆ. 2028ರ ಮಾರ್ಚ್ ಅಂತ ಅಪ್ಪ ಅದರ ಮೇಲೆ ಬರೆದಿಟ್ಟಿದ್ದಾರೆ.

ಮೊನ್ನೆ ಹೊಸ ಬೋರ್ಡ್ ಕೂರಿಸಿದ ಮೇಲೆ ಪಕ್ಕದ ತೋಟದವರ ಫೋನಿನಿಂದ ಹಳೇ ಮೆಸೇಜ್ ಕಳಿಸಿ ನೋಡಿದೆವು. ಮೋಟರು ಕದಲಲಿಲ್ಲ. ಚಿಕ್ಕಪ್ಪನ ಫೋನಿನಿಂದ ಕಳಿಸಿದಾಗ ಮಾತ್ರ ಪೈಪಿನಲ್ಲಿ ಗಾಳಿ ಗೊರಗೊರ ಅಂದು, ನೀರು ಬಂತು. ನಿಟ್ಟೂರಿನ ಆ ರೈತರಿಗೆ ಫೋನ್ ಮಾಡಿದೆ. ಅವರದ್ದು ಇನ್ನೂ ಹಳೇ ಬೋರ್ಡೇ, ಬದಲಾಯಿಸಿಕೊಡುತ್ತಾರೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ಬಿಲ್ ಹುಡುಕಿಡಿ ಅಂತ ಹೇಳಿದ್ದೇನೆ. ಬರುವ ಭಾನುವಾರ ಅಲ್ಲಿಗೆ ಹೋಗುತ್ತೇನೆ.